ಯೂರಿಯಾ ಕಮ್ಮಿ ಮಾಡಿ ಅನ್ನೋದನ್ನು ಬಿಟ್ಟೆ

ತೀರ್ಥಹಳ್ಳಿ ಕಡೆಯ ಒಂದು ಸೊಸೈಟಿಯಲ್ಲಿ ಗೊಬ್ಬರದ ಬಿಲ್ ಹಾಕುವುದು ನನ್ನ ಕೆಲಸ. ಸೇರಿದ ಹೊಸದರಲ್ಲಿ ಬಿಲ್ಲಿನ ಜೊತೆ ಬುದ್ಧಿಮಾತನ್ನೂ ಕೊಡುತ್ತಿದ್ದೆ. ನಮ್ಮದು ಹುಳಿ ಮಣ್ಣು, ಮಳೆಗೆ ಸಾರವೆಲ್ಲ ತೊಳೆದು ಹೋಗುತ್ತದೆ, ಸುಣ್ಣ ಹಾಕಿ, ಪೊಟ್ಯಾಷ್ ಹಾಕಿ, ಯೂರಿಯಾ ಕಮ್ಮಿ ಮಾಡಿ. ಎಲ್ಲರೂ ತಲೆಯಾಡಿಸಿ ಯೂರಿಯಾನೇ ಒಯ್ಯುತ್ತಿದ್ದರು. ಜನಕ್ಕೆ ತಿಳುವಳಿಕೆ ಇಲ್ಲ ಅಂದುಕೊಂಡಿದ್ದೆ.

ಒಂದು ಆಗಸ್ಟಿನಲ್ಲಿ, ನಾಟಿ ಮುಗಿದ ಮೇಲೆ, ಗೇಣಿಗೆ ಗದ್ದೆ ಮಾಡುವ ಅಕ್ಕ ಒಬ್ಬರು ಮೇಲುಗೊಬ್ಬರಕ್ಕೆ ಬಂದರು. ನನ್ನ ಪಾಠ ಪೂರ್ತಿ ಕೇಳಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ ಆರುನೂರು ರೂಪಾಯಿ ಎದುರಿಗಿಟ್ಟರು.

"ನೀವು ಹೇಳಿದ್ದೆಲ್ಲ ಇದ್ರಲ್ಲಿ ಬರ್ತದಾ ಮಾರಾಯ್ರೆ?"

45 ಕೆಜಿ ಯೂರಿಯಾ ಚೀಲಕ್ಕೆ 266 ರೂಪಾಯಿ 50 ಪೈಸೆ. ರಂಜಕ ಇರುವ ಡಿಎಪಿ ಗೊಬ್ಬರದ 50 ಕೆಜಿ ಚೀಲಕ್ಕೆ 1,350. ಪೊಟ್ಯಾಷ್ ಅದಕ್ಕಿಂತಲೂ ಜಾಸ್ತಿ. 2010ರಲ್ಲಿ ಸಬ್ಸಿಡಿ ಲೆಕ್ಕ ಬದಲಾದಾಗ ಡಿಎಪಿ, ಪೊಟ್ಯಾಷ್‌ನ ದರ ಬಿಗಿ ಕಳಚಿತು, ಯೂರಿಯಾ ಮಾತ್ರ ಸರ್ಕಾರದ ದರದಲ್ಲೇ ಉಳಿಯಿತು. ಮಣ್ಣು ಪರೀಕ್ಷೆ ಮಾಡಿ ಕೊಡುವ ಕಾರ್ಡ್ ಯೂರಿಯಾ ಇಳಿಸು ಅನ್ನುತ್ತದೆ, ಗೋಡೆ ಮೇಲಿನ ರೇಟ್ ಬೋರ್ಡ್ ಇದನ್ನೇ ತಗೋ ಅನ್ನುತ್ತದೆ. ಎರಡೂ ಸರ್ಕಾರದ್ದೇ, ಅಲ್ವಾ?

ಅಕ್ಕನದು ಇನ್ನೂ ಇಕ್ಕಟ್ಟು. 1974ರಿಂದ ಗೇಣಿಗೆ ಕೊಡುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಹಾಗಾಗಿ ಎಲ್ಲ ಬಾಯಿಮಾತು. ಪಹಣಿ ಬೇರೆಯವರ ಹೆಸರಲ್ಲಿ, ಇವರಿಗೆ ಬೆಳೆಸಾಲ ಇಲ್ಲ. ಸುಣ್ಣ ಹಾಕಿ ಮಣ್ಣು ಸರಿಮಾಡಿದರೆ ಮುಂದಿನ ವರ್ಷ ಆ ಗದ್ದೆ ಯಾರ ಕೈಯಲ್ಲಿರುತ್ತದೋ! ನಾನಾದರೂ ಹಾಕುತ್ತಿರಲಿಲ್ಲ.

ಅಡಿಕೆ ತೋಟದವರ ಕಥೆ ಬೇರೆ. ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ರಂಜಕ, 140 ಪೊಟ್ಯಾಷ್ ಅನ್ನುವುದು ಅವರಿಗೆ ಬಾಯಿಪಾಠ. ದುಡ್ಡೂ ಇರುತ್ತದೆ. ಆಳು ಸಿಗುವುದಿಲ್ಲ. ಎರಡು ಕಂತಿನದ್ದನ್ನು ಒಂದೇ ಸಲ ಸುರಿದು ಮುಗಿಸುತ್ತಾರೆ. ಜೋರು ಮಳೆ ಹೊಡೆದರೆ ಅದು ಹಳ್ಳಕ್ಕೆ, ಹಳ್ಳದಿಂದ ತುಂಗೆಗೆ.

ಅವತ್ತು ಅಕ್ಕನಿಗೆ ಎರಡು ಚೀಲದ ಬಿಲ್ ಹಾಕಿದೆ. ಕಮ್ಮಿ ಮಾಡಿ ಅನ್ನಲಿಲ್ಲ. ಮಳೆ ಹೊಳವಾದ ದಿನ ನೋಡಿ, ಗದ್ದೆ ನೀರು ಬಸಿದು ಒಂದು ಚೀಲ ಎರಚಿ, ಇನ್ನೊಂದು ತೆನೆ ಒಡೆಯುವ ಮುಂಚೆ ಸಾಕು ಅಂದೆ. ಉಳಿದ 67 ರೂಪಾಯಿ ಗಂಟು ಕಟ್ಟುತ್ತಾ ಅವರು ಕೇಳಿದರು:

"ಇನ್ನೊಂದು ಚೀಲ ಇಲ್ಲೇ ಇಟ್ಕಳ್ತೀರಾ? ಮನೇಲಿದ್ರೆ ಪಕ್ಕದ ಗದ್ದೆ ಹಸಿರು ನೋಡಿ ನಮ್ಮನೆಯವ್ರು ನಾಳೆಯೇ ಎರಚಿ ಬರ್ತಾರೆ."

ಗೋಡೌನಿನ ಮೂಲೆಯಲ್ಲಿ ಇಡಿಸಿದೆ. ಈಗ ಮಳೆಗಾಲ ಬಂತೆಂದರೆ ಆ ಮೂಲೆಯಲ್ಲಿ ಹೆಸರು ಬರೆದಿಟ್ಟ ಚೀಲಗಳು ಏಳೆಂಟು ಇರುತ್ತವೆ.