ಮ್ಯಾಪ್ ತುಂಬ ಬಣ್ಣ, ಫೋನಲ್ಲಿ ಒಂದು ಕಡ್ಡಿನೂ ಇಲ್ಲ

ಕೆಲವು ವರ್ಷ ನಾನು ಆರ್‌ಎಫ್ ಪ್ಲಾನಿಂಗ್ ಕೆಲಸ ಮಾಡಿದೀನಿ. ಅಂದ್ರೆ ಟವರ್ ಎಲ್ಲಿ ಹಾಕ್ಬೇಕು, ಆಂಟೆನಾ ಎಷ್ಟು ಬಗ್ಗಿಸ್ಬೇಕು, ಸಿಗ್ನಲ್ ಎಲ್ಲಿವರೆಗೆ ಹೋಗುತ್ತೆ ಅಂತ ಕಂಪ್ಯೂಟರಲ್ಲಿ ಲೆಕ್ಕ ಹಾಕೋದು. ಆ ಸಾಫ್ಟ್‌ವೇರಲ್ಲಿ ಒಂದು ನಂಬರ್ ಬದಲಾಯಿಸಿದ್ರೆ ಸಾಕು, ಅದೇ ಟವರ್, ಅದೇ ಪವರ್, ಅದೇ ಗುಡ್ಡ, ಆದ್ರೆ ಸಿಗ್ನಲ್ ಇದೆ ಅಂತ ಮ್ಯಾಪ್ ಮೇಲೆ ತೋರ್ಸೋ ಬಣ್ಣ ಎಷ್ಟೋ ದೂರ ಹರಡ್ಕೊಳ್ಳುತ್ತೆ ಇಲ್ಲ ಕುಗ್ಗಿಹೋಗುತ್ತೆ. ಕವರೇಜ್ ಮ್ಯಾಪ್ ಅಂದ್ರೆ ಯಾರೋ ಅಲ್ಲಿ ಹೋಗಿ ಅಳೆದು ತಂದಿದ್ದಲ್ಲ, ಅದು ಒಂದು ಅಂದಾಜು. ಅದಕ್ಕೇ ಅಮೆರಿಕದವರು ಈ ಅಂದಾಜಿಗೆ ಒಂದೇ ಅಳತೆಗೋಲು ತಂದ ಕಥೆ ನನಗೆ ತುಂಬಾ ಮುಖ್ಯ ಅನ್ಸುತ್ತೆ.

ಅಲ್ಲಿನ ಟೆಲಿಕಾಂ ನಿಯಂತ್ರಕ ಸಂಸ್ಥೆ ಎಫ್‌ಸಿಸಿ. ಮೊದಲು ವರ್ಷಕ್ಕೆ ಎರಡು ಸಲ ಕಂಪನಿಗಳು ಇವರಿಗೆ ಮ್ಯಾಪ್ ಕೊಡ್ತಿದ್ವು, ಆದ್ರೆ ಅದನ್ನ ಹೇಗೆ ಲೆಕ್ಕ ಹಾಕ್ಬೇಕು ಅಂತ ಒಂದೇ ನಿಯಮ ಇರ್ಲಿಲ್ಲ, ಅವರವರ ಲೆಕ್ಕ ಅವರವರಿಗೆ. ಆಮೇಲೆ ಹಳ್ಳಿಗಾಡಿಗೆ 4ಜಿ ಮುಟ್ಸೋಕೆ 453 ಕೋಟಿ ಡಾಲರ್ ಹಂಚೋ ಯೋಜನೆ ಬಂತು, ಮ್ಯಾಪಲ್ಲಿ ಆಗಲೇ ಬಣ್ಣ ಇರೋ ಜಾಗಕ್ಕೆ ಆ ದುಡ್ಡು ಹೋಗೋ ಹಾಗಿಲ್ಲ. ಆದ್ದರಿಂದ ಒಂದು ಅಳತೆ ಇಟ್ರು: 5 ಎಂಬಿಪಿಎಸ್ ಡೌನ್‌ಲೋಡ್ ಸ್ಪೀಡ್, ಸೆಲ್‌ನ ಅಂಚಲ್ಲಿ (ಅಂದ್ರೆ ಒಂದು ಟವರ್ ಸಿಗ್ನಲ್ ಮುಟ್ಟೋ ಜಾಗದ ಕೊನೇಲಿ) ಅದು ಸಿಗೋ ಸಾಧ್ಯತೆ 80%, ಟವರ್ ಮೇಲೆ ಲೋಡ್, ಅಂದ್ರೆ ಅದರ ಸಾಮರ್ಥ್ಯದಲ್ಲಿ ಬಳಕೆಯಲ್ಲಿರೋ ಪಾಲು, 30%.

ಇಷ್ಟಾದ್ರೂ ಮ್ಯಾಪ್ ಸರಿಯಾಗ್ಲಿಲ್ಲ. ವರ್ಮಾಂಟ್ ರಾಜ್ಯದವರು 2018ರಲ್ಲಿ ಕಾರಲ್ಲಿ ಆರು ಫೋನ್ ಇಟ್ಕೊಂಡು ತಾವೇ ರಸ್ತೆರಸ್ತೆ ಸುತ್ತಿ ಅಳೆದ್ರು. ಎಫ್‌ಸಿಸಿ ಸಿಬ್ಬಂದಿನೂ 12 ರಾಜ್ಯಗಳಲ್ಲಿ ಸುಮಾರು 10,000 ಮೈಲಿ ಓಡಾಡಿ ಮೂರು ಕಂಪನಿಗಳ ಮ್ಯಾಪ್ ಪರೀಕ್ಷೆ ಮಾಡಿದ್ರು. 2019ರ ಡಿಸೆಂಬರ್ ವರದಿ ಪ್ರಕಾರ ಡ್ರೈವ್ ಟೆಸ್ಟಲ್ಲಿ ಆ 5 ಎಂಬಿಪಿಎಸ್ ಸಿಕ್ಕಿದ್ದು 62.3% ಸಲ ಮಾತ್ರ, ಒಂದು ಕಂಪನಿದಂತೂ ಅರ್ಧಕ್ಕಿಂತ ಕಮ್ಮಿ, ಎಷ್ಟೋ ಕಡೆ 4ಜಿ ಸಿಗ್ನಲ್ಲೇ ಇಲ್ಲ. ಯೋಜನೆ ಅಲ್ಲಿಗೇ ನಿಂತ್ಹೋಯ್ತು. ಯಾಕೆ ಹೀಗಾಯ್ತು ಅಂದ್ರೆ ಮೂರು ನಂಬರ್ ಕಟ್ಟಿಹಾಕಿದ್ರೂ ಒಳಗಿನ ಲೆಕ್ಕ ಕಂಪನಿ ಕೈಯಲ್ಲೇ ಇತ್ತು, ಮರಗಿಡ ಕಟ್ಟಡದಿಂದ ಎಷ್ಟು ಸಿಗ್ನಲ್ ನಷ್ಟ ಆಗುತ್ತೆ, ಯಾವ ಪ್ರೊಪಗೇಷನ್ ಮಾಡೆಲ್ (ಸಿಗ್ನಲ್ ಹೇಗೆ ಹರಡುತ್ತೆ ಅನ್ನೋ ಸೂತ್ರ), ಲಿಂಕ್ ಬಜೆಟಲ್ಲಿ (ಟವರಿಂದ ಫೋನ್‌ವರೆಗೆ ಸಿಗ್ನಲ್ಲಿನ ಲಾಭ ನಷ್ಟದ ಲೆಕ್ಕ) ಏನೇನು ಸೇರಿಸಿದ್ದಾರೆ, ಇದೆಲ್ಲ. ದಟ್ಟ ಕಾಡನ್ನ ಬಯಲು ಅಂತ ಲೆಕ್ಕ ಹಾಕಿದ್ರೆ ಯಾವ ಟವರ್ ಆದ್ರೂ ದೂರ ಹೋಗುತ್ತೆ ಬಿಡಿ.

2020ರ ಮಾರ್ಚಲ್ಲಿ ಬಂದ ಬ್ರಾಡ್‌ಬ್ಯಾಂಡ್ ಡೇಟಾ ಕಾಯ್ದೆ ಇದನ್ನ ಬಿಗಿ ಮಾಡ್ತು. ಈಗ ಅಂಚಲ್ಲಿ ಸಾಧ್ಯತೆ ಕನಿಷ್ಠ 90% ಇರ್ಬೇಕು, ಅಂದ್ರೆ ಬಣ್ಣ ಮುಗಿಯೋ ಗೆರೆ ಮೇಲೆ ಹತ್ತು ಸಲ ನೋಡಿದ್ರೆ ಒಂಬತ್ತು ಸಲ ಆ ಸ್ಪೀಡ್ ಸಿಗ್ಬೇಕು, ಲೋಡ್ ಕನಿಷ್ಠ 50% ಇದೆ ಅಂತ ಲೆಕ್ಕ ಹಾಕ್ಬೇಕು. 4ಜಿಗೆ 5 ಎಂಬಿಪಿಎಸ್ ಡೌನ್‌ಲೋಡ್ 1 ಅಪ್‌ಲೋಡ್, 5ಜಿಗೆ 7/1 ಮತ್ತು 35/3 ಅಂತ ಎರಡು ಹಂತ. ಹೊರಗೆ ನಿಂತವರಿಗೆ ಒಂದು ಮ್ಯಾಪ್, ಓಡೋ ಗಾಡಿ ಒಳಗಿರೋರಿಗೆ ಇನ್ನೊಂದು. ನನಗೆ ಎಲ್ಲಕ್ಕಿಂತ ಸಮಾಧಾನ ಕೊಟ್ಟಿದ್ದು ಅಂದ್ರೆ ಮಾಡೆಲ್, ಲಿಂಕ್ ಬಜೆಟ್ ವಿವರನೂ ಎಫ್‌ಸಿಸಿಗೆ ಕೊಡ್ಬೇಕು ಅನ್ನೋದು. ಈ ಕೆಲಸ ಮಾಡಿದವರಿಗೆ ಗೊತ್ತು, ಅಸಲಿ ವಿಷಯ ಇರೋದೇ ಅಲ್ಲಿ.

ಹೊಸ ಮ್ಯಾಪ್ 2022ರ ನವೆಂಬರಲ್ಲಿ ಹೊರಗೆ ಬಂತು. ಜನ ಎಫ್‌ಸಿಸಿ ಆ್ಯಪಲ್ಲಿ ಸ್ಪೀಡ್ ಟೆಸ್ಟ್ ಮಾಡಿ ಮ್ಯಾಪ್ ತಪ್ಪು ಅಂತ ಆಕ್ಷೇಪ ಹಾಕ್ಬಹುದು. ಆದ್ರೆ ಒಬ್ಬರ ಒಂದು ಟೆಸ್ಟಿಂದ ಏನೂ ಆಗಲ್ಲ, ನೆಲನ ಆರು ಮೂಲೆಯ ತುಂಡುಗಳಾಗಿ ಭಾಗ ಮಾಡಿ ಅಲ್ಲಲ್ಲಿ ಬೇಕಾದಷ್ಟು ಟೆಸ್ಟ್ ಸೇರಿದ್ಮೇಲೇ ಕಂಪನಿ ಉತ್ತರ ಕೊಡ್ಬೇಕಾಗೋದು. ಕಮ್ಮಿ ಜನ ಇರೋ ಕಡೆ ಅಷ್ಟು ಟೆಸ್ಟ್ ಯಾರು ಮಾಡ್ತಾರೆ ಹೇಳಿ? ಸಿಗ್ನಲ್ ಇಲ್ಲದೇ ಕಷ್ಟಪಡೋರು ಅಲ್ಲೇ ಇರೋದು, ಅಲ್ಲಿನ ತುರ್ತು ನಂಬರ್ 911ಗೆ ಕರೆ ಹೋಗ್ಬೇಕು ಅಂದ್ರೂ ಯಾವುದಾದ್ರೂ ಒಂದು ಕಂಪನಿ ಸಿಗ್ನಲ್ ಬೇಕಲ್ವಾ.

ಇನ್ನೊಂದು ನನ್ನ ತಕರಾರು, ಮನೆ ಒಳಗಿನ ಮ್ಯಾಪ್ ಈ ನಿಯಮದಲ್ಲಿ ಇಲ್ಲವೇ ಇಲ್ಲ. ಗೋಡೆ, ಛಾವಣಿ, ಗಾಜು ಒಂದೊಂದೂ ಒಂದೊಂದು ತರ ಸಿಗ್ನಲ್ ತಿನ್ನುತ್ತೆ, ಲೆಕ್ಕ ಹಾಕೋದು ಕಷ್ಟ, ಅದನ್ನ ಒಪ್ತೀನಿ. ಆದ್ರೆ ಇಷ್ಟು ಡೆಸಿಬೆಲ್ ನಷ್ಟ ಅಂತ ಒಂದು ನಂಬರ್ ಎಲ್ಲರಿಗೂ ಕಡ್ಡಾಯ ಮಾಡಿ ಮೂರನೇ ಮ್ಯಾಪ್ ಕೇಳೋಕೆ ಏನೂ ಅಡ್ಡಿ ಇಲ್ಲ, ಪ್ಲಾನಿಂಗ್ ಮಾಡುವಾಗ ನಾವು ದಿನಾ ಮಾಡ್ತಿದ್ದಿದ್ದೇ ಅದು.