ಡೋರ್ ಸ್ಟಾಪರ್ ಎಲ್ಲಿ ಕೂರಬೇಕು, ಎಷ್ಟು ಮೆತ್ತಗಿರಬೇಕು

ಬಾಗಿಲ ಹಿಡಿಕೆ ಬಡಿದು ಗೋಡೆಯಲ್ಲಿ ಗುಳಿ ಬಿದ್ದ ಮೇಲೆಯೇ ಹೆಚ್ಚಿನವರು ಸ್ಟಾಪರ್ ತರುವುದು. ತಂದದ್ದನ್ನು ಓಡಾಟಕ್ಕೆ ಅಡ್ಡ ಬರದಿರಲಿ ಎಂದು ಹಿಂಜಿನ ಕಡೆಯ ಮೂಲೆಗೆ ಒತ್ತಿ ಕೂರಿಸುತ್ತಾರೆ. ಗೋಡೆಯೇನೋ ಉಳಿಯುತ್ತದೆ. ಆದರೆ ಬರಬರುತ್ತ ಹಿಂಜಿನ ಸ್ಕ್ರೂ ಸಡಿಲವಾಗಿ, ಕದ ಜೋತು, ತಳ ನೆಲಕ್ಕೆ ಉಜ್ಜತೊಡಗುತ್ತದೆ. ಸ್ಟಾಪರ್ ಕೂತ ಜಾಗಕ್ಕೂ ಇದಕ್ಕೂ ನೇರ ಸಂಬಂಧ ಇದೆ.

90 ಸೆಂ.ಮೀ. ಅಗಲ, 210 ಸೆಂ.ಮೀ. ಎತ್ತರದ ಕದಕ್ಕೆ ಗಂಟೆಗೆ 36 ಕಿ.ಮೀ. ವೇಗದ ಗಾಳಿ ನೇರವಾಗಿ ಬಡಿದರೆ ಒಟ್ಟು ಬಲ ಸುಮಾರು ಹನ್ನೊಂದೂವರೆ ಕಿಲೋ ಭಾರದಷ್ಟು. ಅದು ಕದದ ನಡುವೆ, ಅಂದರೆ ಹಿಂಜಿನಿಂದ 45 ಸೆಂ.ಮೀ. ದೂರದಲ್ಲಿ ಕೆಲಸ ಮಾಡುತ್ತದೆ ಎಂದಿಟ್ಟುಕೊಳ್ಳಿ. ಸ್ಟಾಪರ್ ಹಿಂಜಿನಿಂದ 80 ಸೆಂ.ಮೀ. ದೂರದಲ್ಲಿದ್ದರೆ ಅದು ತಡೆಯಬೇಕಾದದ್ದು ಆರೂವರೆ ಕಿಲೋ. 20 ಸೆಂ.ಮೀ. ದೂರದಲ್ಲಿದ್ದರೆ 26 ಕಿಲೋ. ಹಿಂಜಿನ ಪಿನ್ನಿಗೇ ಸಿಕ್ಕಿಸುವ ಸ್ಟಾಪರ್ ಕದವನ್ನು ಮುಟ್ಟುವುದು ಹೆಚ್ಚೂಕಡಿಮೆ 5 ಸೆಂ.ಮೀ. ದೂರದಲ್ಲಿ. ಅಲ್ಲಿ ಅದೇ ಗಾಳಿ ನೂರು ಕಿಲೋ ದಾಟುತ್ತದೆ. ಕದ ಆ ಬಿಂದುವಿನ ಮೇಲೆ ಸನ್ನೆಕೋಲಾಗಿ ತಿರುಗಿ ಹಿಂಜನ್ನು ಚೌಕಟ್ಟಿನಿಂದ ಕೀಳಲು ನೋಡುತ್ತದೆ. ಪಿನ್ ಸ್ಟಾಪರ್ ಹಗುರವಾದ ಒಳಬಾಗಿಲಿಗೆ ಮಾತ್ರ ಸರಿ, ಅದೂ ಗಾಳಿ ಹೊಡೆಯದ ಕೋಣೆಯಲ್ಲಿ. ಇನ್ನೊಂದು ತೊಂದರೆ: ಅಲ್ಲಿ ರಬ್ಬರ್ 1 ಮಿ.ಮೀ. ಒತ್ತಿಕೊಂಡರೆ ಕದದ ಅಂಚು 18 ಮಿ.ಮೀ. ಮುಂದೆ ಹೋಗುತ್ತದೆ. ಸ್ಟಾಪರ್ ಇದ್ದೂ ಹಿಡಿಕೆ ಗೋಡೆಗೆ ತಾಗುವುದು ಹೀಗೆ.

ಹಾಗೆಂದು ತುದಿಯಂಚಿಗೇ ಕೂರಿಸಬೇಕೆಂದಲ್ಲ. ತೂಕ ಎಲ್ಲೆಡೆ ಸಮನಾಗಿ ಹಂಚಿಹೋದ ಕದ ಬೀಸಿ ಬಂದು ನಿಲ್ಲುವಾಗ, ಅಗಲದ ಮೂರರಲ್ಲಿ ಎರಡು ಪಾಲು ದೂರದಲ್ಲಿ ತಡೆ ಸಿಕ್ಕರೆ ಹಿಂಜಿಗೆ ಜಗ್ಗು ತಾಗುವುದೇ ಇಲ್ಲ. 90 ಸೆಂ.ಮೀ. ಕದಕ್ಕೆ ಅದು 60 ಸೆಂ.ಮೀ. ಅದಕ್ಕಿಂತ ಒಳಗೆ ತಡೆದರೆ ಹಿಂಜು ಒಂದು ಕಡೆಗೆ ಜಗ್ಗುತ್ತದೆ, ಹೊರಗೆ ತಡೆದರೆ ಇನ್ನೊಂದು ಕಡೆಗೆ. 60ರಿಂದ 80ರ ನಡುವೆ ಎಲ್ಲಿಟ್ಟರೂ ನಷ್ಟವಿಲ್ಲ ಎಂಬುದು ನನ್ನ ಲೆಕ್ಕ.

ಪೊಳ್ಳು ಕದವಾದರೆ ಒಂದು ಎಚ್ಚರಿಕೆ. ಅದರ ಒಳಗೆ ಗಟ್ಟಿ ಮರ ಇರುವುದು ಸುತ್ತ ಅಂಚಿನಲ್ಲಿ ಮತ್ತು ಬೀಗದ ಜಾಗದಲ್ಲಿ ಮಾತ್ರ. ಗೋಡೆಯ ಸ್ಟಾಪರ್ ನಡುವಿನ ತೆಳು ಹಾಳೆಗೆ ಬಡಿದರೆ ಕೆಲವೇ ಪೆಟ್ಟಿಗೆ ತಗ್ಗು ಬೀಳುತ್ತದೆ. ಇಂಥ ಕದಕ್ಕೆ ನೆಲದ ಗಿಡ್ಡ ಸ್ಟಾಪರ್ ವಾಸಿ, ಅದು ಕೆಳಗಿನ ಅಡ್ಡಪಟ್ಟಿಗೆ ತಾಗುವಷ್ಟೇ ಎತ್ತರವಿರಲಿ. ಗಟ್ಟಿ ಮರದ ಭಾರೀ ಕದಕ್ಕೆ ಇದು ತಿರುಗಾಮುರುಗಾ. ತಳ ಮಾತ್ರ ನಿಂತು ಮೇಲ್ಭಾಗ ಮುಂದಕ್ಕೆ ನುಗ್ಗಿ ಕದ ತಿರುಚಿಕೊಳ್ಳುತ್ತದಾದ್ದರಿಂದ ಅರ್ಧ ಎತ್ತರದ ಹತ್ತಿರ ಗೋಡೆಯಲ್ಲಿ ತಡೆಯುವುದು ಒಳ್ಳೆಯದು. ಸ್ಟಾಪರ್ ಹಿಡಿಕೆಗೆ ತಾಗದೆ ಕದದ ಮರಕ್ಕೇ ತಾಗಲಿ. ಹಿಡಿಕೆಗೆ ಬಿದ್ದ ಪೆಟ್ಟು ಬೀಗದೊಳಕ್ಕೆ ಹೋಗುತ್ತದೆ.

ಇನ್ನು ಮೆತ್ತಗಿನ ಮಾತು. 25 ಕಿಲೋ ಕದದ ಅಂಚು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಬಂದರೆ ಅದರಲ್ಲಿ ಸುಮಾರು 17 ಜೌಲ್ ಶಕ್ತಿ ಇರುತ್ತದೆ. ಅದಷ್ಟನ್ನೂ 2 ಮಿ.ಮೀ.ನಲ್ಲಿ ನುಂಗಬೇಕಾದ ಗಟ್ಟಿ ರಬ್ಬರಿನ ಮೇಲೆ ಸರಾಸರಿ 800 ಕಿಲೋಗೂ ಮಿಕ್ಕಿದ ಬಲ ಬೀಳುತ್ತದೆ. 5 ಮಿ.ಮೀ. ಒತ್ತಿಕೊಂಡರೆ 340 ಕಿಲೋ, 25 ಮಿ.ಮೀ. ಬಾಗುವ ಸ್ಪ್ರಿಂಗ್ ಆದರೆ 70 ಕಿಲೋ ಆಸುಪಾಸು. ಕದ, ಗೋಡೆ ಎರಡೂ ಒಂದಿಷ್ಟು ಮಣಿಯುವುದರಿಂದ ನಿಜವಾದ ಅಂಕಿ ಕಡಿಮೆಯೇ ಇರುತ್ತದೆ, ಆದರೆ ಹೆಚ್ಚು ಮಣಿದಷ್ಟೂ ಬಲ ಕಡಿಮೆ ಎಂಬುದು ಬದಲಾಗದು. ಹಾಗಾಗಿ ಲೋಹದ ಹೊಳಪು ನೋಡಿ ಕೊಳ್ಳಬೇಡಿ. ರಬ್ಬರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ. ಉಗುರಿನ ಗುರುತೂ ಮೂಡದಷ್ಟು ಗಟ್ಟಿಯಿದ್ದರೆ ಅದು ಪೆಟ್ಟನ್ನು ಹೀರುವುದಿಲ್ಲ, ಸ್ಕ್ರೂಗೆ ದಾಟಿಸುತ್ತದೆ.

ಬಾಗಿಲನ್ನು ತೆರೆದೇ ಹಿಡಿದಿಡಲು ಬೆಣೆಗಿಂತ ಸರಳವಾದದ್ದು ಇಲ್ಲ, ಆದರೆ ಇದರಲ್ಲೇ ಹೆಚ್ಚು ಸೂಕ್ಷ್ಮ ಅಡಗಿದೆ. ಕದ ಬೆಣೆಯ ಇಳಿಜಾರನ್ನು ಏರಲು ಹೋದಷ್ಟೂ ಅದನ್ನು ನೆಲಕ್ಕೆ ಬಲವಾಗಿ ಅದುಮಬೇಕು, ಆಗಲೇ ಹಿಡಿತ ತಾನಾಗಿ ಬಿಗಿಯಾಗುತ್ತದೆ. ಇದು ನಡೆಯಲು ತಳದ ಘರ್ಷಣೆ ಮೇಲ್ಮೈಯ ಘರ್ಷಣೆಗಿಂತ ಹೆಚ್ಚಿರಬೇಕು, ಎಷ್ಟು ಹೆಚ್ಚೆಂದರೆ ಇಳಿಜಾರಿನ ಕೋನವನ್ನೂ ತುಂಬಿಕೊಡುವಷ್ಟು. ಇಡೀ ಬೆಣೆ ಒಂದೇ ರಬ್ಬರಿನದಾಗಿ, ನೆಲ ಮಾತ್ರ ನುಣುಪಾಗಿದ್ದರೆ ಕದಕ್ಕೆ ಅಂಟಿಕೊಂಡ ಬೆಣೆ ಅದರ ಜೊತೆಗೇ ಜಾರುತ್ತ ಹೋಗುತ್ತದೆ. ಮರದ ಬೆಣೆಯ ತಳಕ್ಕೆ ಮಾತ್ರ ರಬ್ಬರ್ ಹಾಳೆ ಅಂಟಿಸಿದರೆ ಅದು ಪೂರ್ತಿ ರಬ್ಬರಿನ ಬೆಣೆಗಿಂತ ಚೆನ್ನಾಗಿ ಹಿಡಿಯುವುದು ಇದೇ ಕಾರಣಕ್ಕೆ.

ಉದ್ದ 120 ಮಿ.ಮೀ., ಏರು 20 ಮಿ.ಮೀ. ಇದ್ದರೆ ಕೋನ ಒಂಬತ್ತೂವರೆ ಡಿಗ್ರಿ, ಇದು ಒಳ್ಳೆಯ ಅಳತೆ. ಏರು 30 ಆದರೆ 14 ಡಿಗ್ರಿ. ಒಣ ನೆಲದಲ್ಲಿ ಇದೂ ನಡೆಯುತ್ತದೆ, ಧೂಳು ಕೂತರೆ ಅಥವಾ ನೆಲ ಒದ್ದೆಯಾದರೆ ಜಾರುತ್ತದೆ. ಕದದ ತಳ ಬೆಣೆಯ ಮಧ್ಯಭಾಗಕ್ಕೆ ತಾಗಬೇಕು. ತೆಳು ತುದಿಗೆ ತಾಗಿದರೆ ತುದಿ ಮಡಚಿಕೊಳ್ಳುತ್ತದೆ, ದಪ್ಪ ಬುಡಕ್ಕೆ ತಾಗಿದರೆ ಒಳಗೆ ತಳ್ಳಲು ಜಾಗವೇ ಉಳಿಯದು. ಕೊಳ್ಳುವ ಮುನ್ನ ಕದದಡಿಯ ಸಂದನ್ನು ಅಳೆಯಿರಿ. ಬೆಣೆ ಹಿಡಿಕೆಯ ಕಡೆಯ ಅಂಚಿನ ಕೆಳಗಿರಲಿ, ಹಿಂಜಿನ ಕಡೆ ಬೇಡ. ಜಾರತೊಡಗಿದರೆ ಮೊದಲು ತಳವನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿ.

ಕದದ ತಳಕ್ಕೆ ಕೂರಿಸಿ ಕಾಲಿನಿಂದ ಇಳಿಸುವ ಸ್ಟಾಪರಿನಲ್ಲಿ ರಬ್ಬರ್ ಪಾದ ಕದ ಹೋಗಲು ನೋಡುವ ದಿಕ್ಕಿಗೆ ಮುಂದೆ ಚಾಚಿರಬೇಕು. ಸ್ಟಾಪರಿನ ಕಾಲು ನೆಟ್ಟನೆಯ ಗೆರೆಯಿಂದ 20 ಡಿಗ್ರಿ ಆಸುಪಾಸು ವಾಲಿದ್ದರೆ ಸಾಕು. ಹೆಚ್ಚು ವಾಲಿದರೆ ಪಾದ ಜಾರುತ್ತದೆ. ಮ್ಯಾಗ್ನೆಟ್ ಸ್ಟಾಪರಿನಲ್ಲಿ ಕೆಡುವುದು ಎರಡೇ: ಎರಡು ತುಂಡು ನೇರಕ್ಕೆ ಬರದಿರುವುದು, ಮೇಲೆ ಬಣ್ಣವೋ ಕಬ್ಬಿಣದ ಪುಡಿಯೋ ಕೂತಿರುವುದು. ಚೂರೇ ಅಂತರ ಬಿದ್ದರೂ ಅದರ ಹಿಡಿತ ತೀರ ಇಳಿದುಹೋಗುತ್ತದೆ.

ಬೆಂಕಿ ತಡೆಯುವ ಬಾಗಿಲಿಗೆ ಇವ್ಯಾವುದನ್ನೂ ಇಡಬೇಡಿ. ಅದು ತಾನಾಗಿ ಮುಚ್ಚಿಕೊಂಡರಷ್ಟೇ ಹೊಗೆ ನಿಲ್ಲುತ್ತದೆ. ತೆರೆದಿಡಲೇಬೇಕಾದರೆ ಬೆಂಕಿ ಅಲಾರಂ ಕೂಗಿದೊಡನೆ ಬಿಟ್ಟುಕೊಡುವ ವಿದ್ಯುತ್ ಮ್ಯಾಗ್ನೆಟ್ ಬೇಕು.

ನೆಲದ ಸ್ಟಾಪರ್ ಕೂರಿಸುವಾಗ ಕದವನ್ನು ಕೈಯಲ್ಲಿ ತೆರೆದು, ಹಿಡಿಕೆ ಗೋಡೆಗೆ 25–30 ಮಿ.ಮೀ. ದೂರವಿರುವಂತೆ ನಿಲ್ಲಿಸಿ ಗುರುತು ಹಾಕಿ. ಗುರುತಿನ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಡ್ರಿಲ್ ಬಿಟ್ ಜಾರುವುದಿಲ್ಲ. ಟೈಲ್ಸ್ ತೂತಾಗುವವರೆಗೆ ಟೈಲ್ಸ್ ಬಿಟ್, ನಿಧಾನ ವೇಗ, ತುಸು ನೀರು, ಡ್ರಿಲ್ಲಿನ ಹ್ಯಾಮರ್ ಬಂದ್. ಕಾಂಕ್ರೀಟು ಸಿಕ್ಕಿದ ಮೇಲೆ ಬಿಟ್ ಬದಲಿಸಿ ಹ್ಯಾಮರ್ ಹಾಕಿ. ತೂತು ಪ್ಲಗ್ಗಿಗಿಂತ (ಸ್ಕ್ರೂ ಹಿಡಿಯಲು ತೂತಿಗೆ ಇಳಿಸುವ ಪ್ಲಾಸ್ಟಿಕ್ ತುಂಡು) 5–10 ಮಿ.ಮೀ. ಆಳವಿರಲಿ, ಪುಡಿಯನ್ನು ಪೂರ್ತಿ ತೆಗೆಯಿರಿ. ಪ್ಲಗ್ ಟೈಲ್ಸಿನ ಕೆಳಗೆ ಇಳಿದಿರಬೇಕು. ಟೈಲ್ಸಿನ ದಪ್ಪದೊಳಗೇ ಉಳಿದರೆ ಸ್ಕ್ರೂ ಬಿಗಿಯುವಾಗ ಅದು ಉಬ್ಬಿ ಟೈಲ್ಸನ್ನೇ ಸೀಳುತ್ತದೆ. ಬಚ್ಚಲಿನ ನೆಲವನ್ನಂತೂ ಕೊರೆಯಬೇಡಿ, ನೀರು ತಡೆಯುವ ಪದರ ತೂತಾಗುತ್ತದೆ. ಅಲ್ಲಿಗೆ ಅಂಟಿಸುವ ಸ್ಟಾಪರ್ ಸಾಕು, ಅದನ್ನು ಅಂಟಿಸಿ 24 ಗಂಟೆ ಕಳೆಯುವವರೆಗೆ ಕದ ತಾಗದಂತೆ ನೋಡಿಕೊಳ್ಳಿ.