ಒಂದು ತುತ್ತಿಗೆ ಏನಾಗುತ್ತೆ?

ಎರಡು ವರ್ಷದಿಂದ ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಮದುವೆ ಮನೆ, ಸ್ಕೂಲ್ ಗೇಟು, ಅಂಗಡಿ ಮುಂದೆ, ಬಸ್ಸಲ್ಲಿ ಪಕ್ಕದ ಸೀಟು. ಎಲ್ಲಿ ಹೋದರೂ ಇದೊಂದೇ. "ಪಾಪ, ಚಿಕ್ಕ ಮಗು. ಒಂದೇ ಒಂದು ತುತ್ತು ತಿಂದ್ರೆ ಏನಾಗುತ್ತೆ?" ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ವಾಟ್ಸಾಪ್ ಮಾಡುತ್ತೇನೆ. ಓದಿ ಬೇಜಾರಾದರೆ ಆಗಲಿ ಬಿಡಿ.

ವಿಷಯ ಇಷ್ಟು. ನನ್ನ ಮಗಳಿಗೆ ಈಗ ಆರು ವರ್ಷ. ಎರಡೂವರೆ ವರ್ಷಕ್ಕೆ ಫಿಟ್ಸ್ ಶುರುವಾಯಿತು. ಮೊದಲು ವ್ಯಾಲ್ಪ್ರೋಯೇಟ್ ಕೊಟ್ಟರು. ಆಮೇಲೆ ಲೆವೆಟಿರಾಸೆಟಮ್ ಸೇರಿತು. ಅದು ಸೇರಿದ ಮೇಲೆ ಮಗು ಕಂಡ ಕಂಡವರನ್ನು ಕಚ್ಚೋಕೆ ಶುರು ಮಾಡಿತು. ಆ ಔಷಧಿಗೆ ಕೆಲವು ಮಕ್ಕಳಿಗೆ ಸಿಟ್ಟು ಜಾಸ್ತಿಯಾಗುತ್ತದಂತೆ. ಆಮೇಲೆ ಕ್ಲೋಬಜಾಮ್. ಫಿಟ್ಸ್ ಮಾತ್ರ ನಿಲ್ಲಲಿಲ್ಲ. ಸರಿಯಾಗಿ ಆರಿಸಿದ ಎರಡು ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ನಿಲ್ಲದಿದ್ದರೆ, ಅದು ಔಷಧಿಗೆ ಬಗ್ಗದ ಮೂರ್ಛೆ ಅಂತ ಲೆಕ್ಕ. ಮೂರ್ಛೆ ಇರುವ ಮೂರು ಜನರಲ್ಲಿ ಹೆಚ್ಚುಕಡಿಮೆ ಒಬ್ಬರದ್ದು ಹೀಗೆ. ಬೆಂಗಳೂರಿನ ಡಾಕ್ಟರು, "ಮಾತ್ರೆ ಇರಲಿ, ಜೊತೆಗೆ ಕೀಟೋಜೆನಿಕ್ ಪಥ್ಯ ಮಾಡಿ ನೋಡೋಣ" ಅಂದರು.

ಅವತ್ತಿಂದ ಅನ್ನ, ಮುದ್ದೆ, ರೊಟ್ಟಿ, ಸಕ್ಕರೆ, ಬೆಲ್ಲ, ಬಾಳೆಹಣ್ಣು ಎಲ್ಲಾ ಬಂದ್. ಆಲೂಗಡ್ಡೆನೂ ಬಂದ್. ಹಾಸನದಲ್ಲಿ ಹುಟ್ಟಿ ಆಲೂಗಡ್ಡೆ ಮುಟ್ಟದ ಮಗು! ಊಟ ಅಂದರೆ ತುಪ್ಪ, ಕೊಬ್ಬರಿ ಎಣ್ಣೆ, ಬೆಣ್ಣೆ, ಕೆನೆ, ಮೊಟ್ಟೆ, ಒಂಚೂರು ಸೌತೆಕಾಯಿ, ಒಂಚೂರು ಸೊಪ್ಪು. ಸೀಸನ್‌ನಲ್ಲಿ ಸಕಲೇಶಪುರದ ಕಡೆ ತೋಟದಿಂದ ಬರುವ ಬೆಣ್ಣೆಹಣ್ಣು. ನನ್ನದು ದಿನಸಿ ಅಂಗಡಿ. ಅಕ್ಕಿ, ಬೆಲ್ಲ, ರಾಗಿ ಹಿಟ್ಟು ಮಾರಿದ ದುಡ್ಡಲ್ಲಿ ಅದ್ಯಾವುದನ್ನೂ ತಿನ್ನದ ಮಗಳನ್ನು ಸಾಕುತ್ತಿದ್ದೇನೆ. ನಗು ಬಂದರೆ ನಕ್ಕುಬಿಡಿ, ನನಗೂ ಬರುತ್ತದೆ.

ಅಂಗಡಿಯಲ್ಲಿ ನನ್ನ ಕೈ ಧಾರಾಳ. ತೂಕ ಹಾಕಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಯಾರನ್ನೂ ಕಳಿಸಿದವನಲ್ಲ. ನೀವು "ಒಂದು ತುತ್ತು" ಅಂತ ಕೇಳುವುದೂ ಕೊಸರನ್ನೇ ಅಲ್ವಾ? ಕಷ್ಟ ಏನೆಂದರೆ ಮನೆಯ ತಕ್ಕಡಿಯಲ್ಲಿ ಕೊಸರಿಲ್ಲ.

ಬೆಳಗಿನ ತಿಂಡಿ ಹೇಳುತ್ತೇನೆ ಕೇಳಿ. ಮೊಟ್ಟೆ 45 ಗ್ರಾಂ. ತುಪ್ಪ 15 ಗ್ರಾಂ. ಕೊಬ್ಬರಿ ಎಣ್ಣೆ 10 ಗ್ರಾಂ. ಕೆನೆ 20 ಗ್ರಾಂ. ಸೌತೆಕಾಯಿ 30 ಗ್ರಾಂ. ಕೋಳಿಗೆ 45 ಗ್ರಾಂ ಅಂತ ಹೇಳಿ ಮೊಟ್ಟೆ ಇಡಿಸೋಕಾಗಲ್ಲ. ಅದಕ್ಕೆ ಒಡೆದು, ಚೆನ್ನಾಗಿ ಕಲಕಿ, ಬಟ್ಟಲನ್ನು ತಕ್ಕಡಿ ಮೇಲಿಟ್ಟು ತೊಟ್ಟು ತೊಟ್ಟಾಗಿ ಹಾಕಬೇಕು. ಉಳಿದದ್ದು ಅಪ್ಪನಿಗೆ. ಎರಡು ವರ್ಷದಿಂದ ದಿನಾ ಬೆಳಿಗ್ಗೆ ನಾನು ತಿನ್ನುತ್ತಿರುವುದು ಒಂದು ಚಮಚದಷ್ಟು ಆಮ್ಲೆಟ್. ಸೊನ್ನೆ ಮಾಡುವ ಬಟನ್ ಒತ್ತುವುದು ಮಗಳ ಕೆಲಸ. ಬೇರೆಯವರು ಒತ್ತಿದರೆ ಜಗಳ. ತಿಂದಾದ ಮೇಲೆ ಬಟ್ಟಲಿಗೆ ಅಂಟಿದ ತುಪ್ಪವನ್ನು ರಬ್ಬರ್ ಚಮಚದಲ್ಲಿ ಕೆರೆದು ಬಾಯಿಗಿಡಬೇಕು. ಬಟ್ಟಲಲ್ಲಿ ಉಳಿದ ತುಪ್ಪವೂ ಲೆಕ್ಕ ತಪ್ಪಿದಂತೆಯೇ. (ಇದನ್ನು ನೋಡಿಕೊಂಡು ನಿಮ್ಮ ಮನೆಯಲ್ಲಿ ಶುರು ಮಾಡಬೇಡಿ. ಇದು ಅವಳ ತೂಕಕ್ಕೆ ಡಯಟೀಷಿಯನ್ ಹಾಕಿಕೊಟ್ಟ ಲೆಕ್ಕ. ಮೊದಲು ರಕ್ತ, ಮೂತ್ರ ಎಲ್ಲಾ ಪರೀಕ್ಷೆ ಮಾಡಿ, ಆಸ್ಪತ್ರೆಯಲ್ಲಿ ಇಟ್ಟುಕೊಂಡು ಶುರು ಮಾಡಿದ್ದು. ಕೆಲವು ಮಕ್ಕಳ ಮೈ ಕೊಬ್ಬನ್ನು ಒಡೆಯುವುದೇ ಇಲ್ಲ. ಅಂಥವರಿಗೆ ಈ ಪಥ್ಯ ಅಪಾಯ.)

ಇದು ನಾಲ್ಕಕ್ಕೆ ಒಂದರ ಲೆಕ್ಕ. ನಾಲ್ಕು ಗ್ರಾಂ ಕೊಬ್ಬಿಗೆ, ಪ್ರೋಟೀನು ಪಿಷ್ಟ ಎರಡೂ ಸೇರಿ ಒಂದು ಗ್ರಾಂ. ತಿನ್ನುವುದರಲ್ಲಿ ನೂರಕ್ಕೆ 90 ಭಾಗ ಶಕ್ತಿ ಕೊಬ್ಬಿನಿಂದಲೇ ಬರಬೇಕು. ಪ್ರೋಟೀನಿನ ಪಾಲು ತೆಗೆದರೆ ಅವಳಿಗೆ ಇಡೀ ದಿನಕ್ಕೆ ಉಳಿಯುವ ಪಿಷ್ಟ 11 ಗ್ರಾಂ. ಒಂದು ಇಡ್ಲಿಯಲ್ಲಿ ಹತ್ತಿರ ಹತ್ತಿರ ಅಷ್ಟಿದೆ. ಒಂದು ಒಬ್ಬಟ್ಟು ಅಂದರೆ ಸುಮಾರು ಮೂರು ದಿನದ ಲೆಕ್ಕ.

ಒಂದು ತುತ್ತಿಗೆ ಏನಾಗುತ್ತೆ? ಮನೆಗೆ ಕರೆಂಟ್ ಬರದಿದ್ದಾಗ ಜನರೇಟರ್ ಓಡುತ್ತೆ. ಕರೆಂಟ್ ಬಂದ ತಕ್ಷಣ ಜನರೇಟರ್ ಆಫ್. ಮೈಗೆ ಸಕ್ಕರೆ ಸಿಗದಿದ್ದಾಗ ಲಿವರ್ ಕೊಬ್ಬನ್ನು ಒಡೆದು ಕೀಟೋನ್ ಮಾಡುತ್ತದೆ. ಮಿದುಳು ಅದರಲ್ಲಿ ಓಡುತ್ತದೆ. ಹಾಗೆ ಓಡುವಾಗ ಕೆಲವು ಮಕ್ಕಳಿಗೆ ಫಿಟ್ಸ್ ಕಡಿಮೆಯಾಗುತ್ತದೆ. ಸಕ್ಕರೆ ಒಳಗೆ ಹೋಯಿತೋ, ಕೀಟೋನ್ ಇಳಿಯಿತು. ಮತ್ತೆ ಏರೋಕೆ ಟೈಮ್ ಬೇಕು.

ಆದರೆ ನಿಜ ಹೇಳಿಬಿಡುತ್ತೇನೆ. ಕೆಲವು ಸಲ ಒಂದು ತುತ್ತಿಗೆ ಏನೂ ಆಗಲ್ಲ. ಅದೇ ನನಗೆ ದೊಡ್ಡ ತಲೆನೋವು. ಏನೂ ಆಗದಿದ್ದರೆ, "ನೋಡಿದ್ಯಾ, ನಾನು ಹೇಳಲಿಲ್ವಾ?" ಅಂತ ಮುಂದಿನ ಸಲ ಎರಡು ತುತ್ತು ಕೊಡ್ತಾರೆ.

ಹೋದ ವರ್ಷ ಚನ್ನರಾಯಪಟ್ಟಣದ ಹತ್ತಿರ ನೆಂಟರ ಗೃಹಪ್ರವೇಶ. ಮಗಳ ಊಟ ಡಬ್ಬಿಯಲ್ಲಿ ಕಟ್ಟಿಕೊಂಡೇ ಹೋಗಿದ್ದೆವು. ಎರಡನೇ ಪಂಕ್ತಿಗೆ ಬಡಿಸುವವರು ಕಡಿಮೆ ಇದ್ದರು ಅಂತ ನಾನು ಸಾಂಬಾರಿನ ಬಕೆಟ್ ಹಿಡಿದೆ. ನನ್ನವಳು ಒಳಗೆ ಅರಿಶಿನ ಕುಂಕುಮ ತೆಗೆದುಕೊಳ್ಳೋಕೆ ಹೋದಳು. ವಾಪಸ್ ಬಂದು ನೋಡಿದರೆ ಮಗಳು ನನ್ನ ದೊಡ್ಡಮ್ಮನ ತೊಡೆ ಮೇಲೆ ಕೂತಿದ್ದಾಳೆ. ಎರಡೂ ಕೆನ್ನೆ ಉಬ್ಬಿದೆ. ದೊಡ್ಡಮ್ಮನ ಬೆರಳಲ್ಲಿ ಒಬ್ಬಟ್ಟಿನ ಹೂರಣ.

"ಮಗ ಆಸೆ ಪಡ್ತಿತ್ತು ಕಣೋ. ಒಂದು ತುತ್ತಿಗೆ ಏನಾಯ್ತದೆ?"

ಅಷ್ಟು ಜನರ ಮುಂದೆ ಮಗಳ ಬಾಯಿಗೆ ಬೆರಳು ಹಾಕಿ ಹೂರಣ ತೆಗೆದೆ. ಅವಳು ಅತ್ತಿದ್ದು ಇನ್ನೂ ಕಿವಿಯಲ್ಲಿದೆ. ಎಷ್ಟು ಒಳಗೆ ಹೋಗಿತ್ತೋ ಯಾರಿಗೆ ಗೊತ್ತು. ದೊಡ್ಡಮ್ಮನ ಮೇಲೆ ಕೂಗಾಡಿದೆ. ಮನೆಯವರು, "ಹಬ್ಬದಂಥ ದಿನ ಇದೇನು ರಂಪ?" ಅಂದರು. ರಾತ್ರಿ ಮೂತ್ರದ ಪಟ್ಟಿ ಅದ್ದಿ ನೋಡಿದೆ. ಕೀಟೋನ್ ಚೆನ್ನಾಗಿದ್ದರೆ ಅದು ನೇರಳೆಹಣ್ಣು ತಿಂದ ನಾಲಿಗೆ ಥರ ಆಗುತ್ತದೆ. ಅವತ್ತು ಬರೀ ತಿಳಿಗುಲಾಬಿ. ಬೆಳಗಿನ ಜಾವ ನಾಲ್ಕಕ್ಕೆ ಫಿಟ್ಸ್ ಬಂತು. ಅದಕ್ಕೆ ಮುಂಚೆ 53 ದಿನ ಬಂದಿರಲಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದರಿಂದ ಹೇಳುತ್ತಿದ್ದೇನೆ.

ಒಬ್ಬಟ್ಟಿನಿಂದಲೇ ಬಂತು ಅಂತ ಕೋರ್ಟಲ್ಲಿ ಹೇಳು ಅಂದರೆ ಹೇಳೋಕಾಗಲ್ಲ. ಅವತ್ತು ಸ್ವಲ್ಪ ನೆಗಡಿನೂ ಇತ್ತು, ನಿದ್ದೆನೂ ಕೆಟ್ಟಿತ್ತು. ಅವೂ ಸಾಕು ಫಿಟ್ಸ್ ಬರೋಕೆ. ಆದರೂ ನಾಲ್ಕು ತಿಂಗಳು ದೊಡ್ಡಮ್ಮನ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಅವರೇ ಅಂಗಡಿಗೆ ಬಂದರು. ಮನೆಯಲ್ಲಿ ಕಾಯಿಸಿದ ತುಪ್ಪದ ಡಬ್ಬಿ ಕೌಂಟರ್ ಮೇಲಿಟ್ಟು, "ಇದಾದ್ರೂ ತಿಂತಾಳಾ?" ಅಂದರು. ಮಾತು ಶುರುವಾಯಿತು. ತುಪ್ಪ ಮಾತ್ರ ತೂಕ ಹಾಕಿಯೇ ಕೊಡುತ್ತೇನೆ.

ಈಗ ಉಳಿದವರಿಗೆ ಬೇಗ ಬೇಗ ಹೇಳಿಬಿಡುತ್ತೇನೆ.

"ಸಕ್ಕರೆ ಬೇಡ ಅಂದ್ರೆ ಬೆಲ್ಲ ಕೊಡಿ. ರಾಗಿ ಕೊಡಿ, ರಾಗಿ ಒಳ್ಳೇದು" ಅನ್ನುವವರಿಗೆ: ರಾಗಿ ಒಳ್ಳೇದೇ. ನಿಮಗೆ. ಬೇಕಾದರೆ ನನ್ನ ಅಂಗಡಿಗೇ ಬನ್ನಿ.

"ಕೀಟೊನಾ? ನಾನೂ ಮಾಡ್ತಿದೀನಿ ಅಣ್ಣಾ, ಆರು ಕೆ.ಜಿ. ಇಳೀತು" ಅನ್ನುವ ಜಿಮ್ ಹುಡುಗರಿಗೆ: ನೀನು ಭಾನುವಾರ ಬಿರಿಯಾನಿ ತಿಂದರೆ ಸೋಮವಾರ ಹೊಟ್ಟೆ ಬರುತ್ತೆ ಕಣಪ್ಪ. ನಮ್ಮ ಮನೆ ಕಥೆ ಬೇರೆ.

"ಇದೆಲ್ಲಾ ಈಗಿನ ಫ್ಯಾಷನ್" ಅನ್ನುವವರಿಗೆ: ಉಪವಾಸ ಇದ್ದರೆ ಮೂರ್ಛೆ ಕಡಿಮೆಯಾಗುತ್ತದೆ ಅನ್ನುವುದು ತುಂಬಾ ಹಳೇ ಕಾಲದ ಜನರಿಗೂ ಗೊತ್ತಿತ್ತು. ಮಕ್ಕಳನ್ನು ಎಷ್ಟು ದಿನ ಅಂತ ಉಪವಾಸ ಇಡೋಕಾಗುತ್ತೆ? 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಅನ್ನುವ ಡಾಕ್ಟರು, ಊಟ ಮಾಡಿಸಿಕೊಂಡೇ ಮೈಯನ್ನು ಉಪವಾಸದ ಸ್ಥಿತಿಯಲ್ಲಿ ಇಡಬಹುದು ಅಂತ ಈ ಪಥ್ಯ ಹೇಳಿದರು. 1938ರಲ್ಲಿ ಫೆನಿಟಾಯಿನ್ ಮಾತ್ರೆ ಬಂತು. ಮಾತ್ರೆ ನುಂಗುವುದು ಸುಲಭ, ಪಥ್ಯ ಮೂಲೆಗೆ ಹೋಯಿತು. 1990ರ ದಶಕದಲ್ಲಿ ಜಿಮ್ ಅಬ್ರಹಾಮ್ಸ್ ಅನ್ನುವ ಹಾಲಿವುಡ್ ನಿರ್ದೇಶಕನ ಮಗನಿಗೆ ಇದರಿಂದ ಫಿಟ್ಸ್ ನಿಂತ ಮೇಲೆ ಮತ್ತೆ ಎಲ್ಲರಿಗೂ ನೆನಪಾಯಿತು. ನೂರು ವರ್ಷದ ಫ್ಯಾಷನ್ ಅಂದುಕೊಳ್ಳಿ.

"ಹಾಗಾದ್ರೆ ಮಾತ್ರೆ ಬಿಟ್ರಾ?" ಬಿಟ್ಟಿಲ್ಲ. ಪಥ್ಯ ಮಾತ್ರೆಯ ಜೊತೆಗೆ. ಒಂದನ್ನು ಡಾಕ್ಟರೇ ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಿದರು. ನಾವಾಗೇ ತಟ್ಟನೆ ನಿಲ್ಲಿಸಿದರೆ ನಿಲ್ಲದ ಫಿಟ್ಸ್ ಬರಬಹುದು. ಸಿರಪ್ಪುಗಳಲ್ಲಿ ಸಕ್ಕರೆ ಇರುತ್ತದೆ ಅಂತ ಎಲ್ಲಾ ಮಾತ್ರೆಗೆ ಬದಲಾಯಿಸಿದ್ದೇವೆ. ಜ್ವರದ ಸಿರಪ್ಪಿಗೂ ಲೇಬಲ್ ಓದಬೇಕು. ಪಥ್ಯಕ್ಕೂ ಅದರದ್ದೇ ಕಾಟ ಇದೆ. ಮಲಬದ್ಧತೆ ಇದೆ. ಕಿಡ್ನಿಯಲ್ಲಿ ಕಲ್ಲಾಗಬಹುದು ಅಂತ ಪೊಟ್ಯಾಸಿಯಂ ಸಿಟ್ರೇಟ್ ಕೊಡುತ್ತಾರೆ. ಎತ್ತರ ನಿಧಾನ ಆಗಬಹುದು ಅಂತ ಪ್ರತಿ ಸಲ ಅಳೆಯುತ್ತಾರೆ. ಸುಮ್ನೆ ತುಪ್ಪ ತಿನ್ನಿಸಿಕೊಂಡು ಕೂತಿಲ್ಲ ನಾವು.

"ಗ್ಯಾರಂಟಿನಾ?" ಅಲ್ಲ. 2008ರಲ್ಲಿ ಬ್ರಿಟನ್ನಿನವರು 145 ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಮೂರು ತಿಂಗಳಲ್ಲಿ ಪಥ್ಯ ಮಾಡಿದ ನೂರಕ್ಕೆ 38 ಮಕ್ಕಳಿಗೆ ಫಿಟ್ಸ್ ಅರ್ಧಕ್ಕಿಂತ ಕಡಿಮೆಯಾಗಿತ್ತು. ಪಥ್ಯ ಮಾಡದವರಲ್ಲಿ ನೂರಕ್ಕೆ 6. ಉಳಿದವರಿಗೆ ಅಷ್ಟು ಗುಣ ಕಾಣಲಿಲ್ಲ. ನಮ್ಮದು ಆ 38ರ ಕಡೆ ಬಿತ್ತು, ಅಷ್ಟೇ.

"ಹೆಣ್ಣು ಮಗು, ಮುಂದೆ ಮದುವೆಗೆ..." ಅವಳಿಗೆ ಆರು ವರ್ಷ ಕಣ್ರೀ. ಮೊದಲು ಹಾಲು ಹಲ್ಲು ಬೀಳಲಿ. ಹಿಂದೂ ವಿವಾಹ ಕಾನೂನಿನಲ್ಲಿ ಮೂರ್ಛೆ ಒಂದು ಅಡ್ಡಿ ಅಂತ ಇದ್ದದ್ದನ್ನು 1999ರಲ್ಲೇ ಕಿತ್ತುಹಾಕಿದ್ದಾರೆ. ಪಾರ್ಲಿಮೆಂಟಿನವರೇ ಬಿಟ್ಟರು, ನೀವು ಬಿಡಲ್ಲ.

ಇಷ್ಟೊಂದು ಜನ ಇಷ್ಟೊಂದು ಕೇಳಿದ್ದಾರೆ. ಅವಳು ಏನು ತಿಂತಾಳೆ, ಏನು ತಿನ್ನಲ್ಲ, ಯಾವ ದೇವರಿಗೆ ಹರಕೆ ಹೊತ್ತಿದ್ದೀರಿ, ಯಾರ ಕಡೆಯಿಂದ ಬಂತು. ನನ್ನ ಕಡೆಯಿಂದಲಾ ನನ್ನ ಹೆಂಡತಿ ಕಡೆಯಿಂದಲಾ ಅಂತ. ಆದರೆ "ನನ್ನ ಮುಂದೆ ಫಿಟ್ಸ್ ಬಂದರೆ ನಾನೇನು ಮಾಡಬೇಕು?" ಅಂತ ಒಬ್ಬರೂ ಕೇಳಿರಲಿಲ್ಲ. ನಾನು ಕಾಯುತ್ತಿದ್ದದ್ದೇ ಆ ಪ್ರಶ್ನೆಗೆ. ಒಂದು ಸ್ಕೂಲಿನವರಂತೂ "ನಮ್ಮಲ್ಲಿ ಆದರೆ ಜವಾಬ್ದಾರಿ ಯಾರದು?" ಅಂತ ಕೇಳಿ ಸೀಟಿಲ್ಲ ಅಂದರು.

ಕೇಳಿದವನು ಈಗಿನ ಸ್ಕೂಲಿನ ವ್ಯಾನ್ ಡ್ರೈವರ್. ಜೂನ್ ತಿಂಗಳ ಮೊದಲ ವಾರ, ಮಳೆಯಲ್ಲಿ ವ್ಯಾನ್ ಬದಿಗೆ ಹಾಕಿ ಅಂಗಡಿಗೆ ಬಂದ. ಬೀಡಿ ಕಟ್ಟು ತಗೊಂಡ. ಚಿಲ್ಲರೆ ಎಣಿಸುತ್ತಾ, "ಸಾರ್, ಗಾಡೀಲಿ ಪಾಪುಗೆ ಬಂದ್ರೆ ನಾನೇನ್ ಮಾಡ್ಲಿ? ಕೈಗೆ ಕಬ್ಬಿಣ ಕೊಡ್ಲಾ?" ಅಂದ.

ಕೌಂಟರ್ ಬಿಟ್ಟು ಹೊರಗೆ ಬಂದೆ. ಕಬ್ಬಿಣ ಬೇಡ, ಬೀಗದ ಕೈ ಬೇಡ, ಈರುಳ್ಳಿ ಮೂಸಿಸಬೇಡ. ಗಾಡಿ ನಿಲ್ಲಿಸು. ಮಗೂನ ಒಂದು ಪಕ್ಕಕ್ಕೆ ಮಲಗಿಸು, ಜೊಲ್ಲು ಹೊರಗೆ ಹೋಗಲಿ. ಕುತ್ತಿಗೆ ಹತ್ತಿರ ಟೈ ಗೀ ಇದ್ದರೆ ಸಡಿಲ ಮಾಡು. ಕೈಕಾಲು ಒತ್ತಿ ಹಿಡೀಬೇಡ. ಬಾಯಿಗೆ ಏನೂ ಹಾಕಬೇಡ, ಚಮಚಾನೂ ಬೇಡ, ಬೆರಳೂ ಬೇಡ. ಪೂರ್ತಿ ಎಚ್ಚರ ಆಗೋವರೆಗೂ ನೀರು ಕೊಡಬೇಡ. ಶುರುವಾದ ಟೈಮ್ ನೋಡ್ಕೋ. ಸಾಮಾನ್ಯವಾಗಿ ಎರಡು ಮೂರು ನಿಮಿಷಕ್ಕೆ ತಾನೇ ನಿಲ್ಲುತ್ತೆ. ಐದು ನಿಮಿಷ ದಾಟಿದರೆ ಬ್ಯಾಗಿನ ಮುಂದಿನ ಜೇಬಲ್ಲಿ ಮಿಡಜೋಲಮ್ ಅಂತ ಮೂಗಿಗೆ ಹೊಡೆಯೋ ಸ್ಪ್ರೇ ಇದೆ. ಎಷ್ಟು ಸಲ ಅಂತ ಡಾಕ್ಟರು ಹೇಳಿದ್ದನ್ನ ಚೀಟಿಯಲ್ಲಿ ಬರೆದು ಅಂಟಿಸಿದ್ದೀನಿ. ಹೊಡೆದು ಸೀದಾ ಆಸ್ಪತ್ರೆಗೆ ಬಿಡು. ನನಗೆ ಆಮೇಲೆ ಫೋನ್ ಮಾಡಿದರೂ ಸಾಕು.

ಬೀಡಿ ಹಚ್ಚದೆ ಪೂರ್ತಿ ಕೇಳಿದ. ಸ್ಪ್ರೇ ಕೈಗೆ ತಗೊಂಡು ತಿರುಗಿಸಿ ನೋಡಿದ. ಆಮೇಲೆ ತಲೆ ಕೆರೆದುಕೊಂಡು, "ಸಾರ್, ಟೈಮ್ ನೋಡ್ಕೋ ಅಂದ್ರಲ್ಲ. ನನ್ನ ಗಾಡಿ ಗಡಿಯಾರ ಹತ್ತು ನಿಮಿಷ ಮುಂದಿದೆ. ಪರವಾಗಿಲ್ವಾ?" ಅಂದ.

ಪರವಾಗಿಲ್ಲ, ಐದು ನಿಮಿಷ ಐದೇ ನಿಮಿಷ ಅಂದೆ. ಮಾರನೇ ದಿನ ಮಗಳನ್ನು ಹತ್ತಿಸುವಾಗ ಬಗ್ಗಿ ನೋಡಿದೆ. ಸರಿ ಮಾಡಿದ್ದ.